ಒಣ ಬೋರಿನ ಲೆಕ್ಕ

ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರು ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು. ಇಂಥ ನೆಲದಲ್ಲಿ ಬೋರ್ ಹೊಡೆಸುವ ಮುನ್ನ ನೀರು ನೋಡುವವರನ್ನು ಕರೆಸುತ್ತಾರೆ. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ತಿರುಗುತ್ತಾರೆ. ಕಾಯಿ ಎದ್ದು ನಿಂತಲ್ಲಿ ಗುರುತು ಬೀಳುತ್ತದೆ. ಇದನ್ನು ನಂಬುವ ರೈತನನ್ನು ದಡ್ಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಾಗೆ ಗುರುತಿಸಿದ ಜಾಗದಲ್ಲಿ ನೀರು ಚಿಮ್ಮಿದ್ದನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ಆದರೆ ಕಾಯಿ ನಿಲ್ಲದ ಕಡೆ ಕೊರೆದಿದ್ದರೂ ನೀರು ಬೀಳುತ್ತಿತ್ತೇ, ಗುರುತಿಟ್ಟ ಎಷ್ಟು ಕಡೆ ಬರೀ ಧೂಳು ಎದ್ದಿತು ಎಂಬ ಲೆಕ್ಕವನ್ನು ಊರಲ್ಲಿ ಯಾರೂ ಇಟ್ಟಿಲ್ಲ.

ವಿಜಯಪುರ ಜಿಲ್ಲೆಯ ಬಹುಭಾಗ ಲಾವಾರಸ ಪದರಪದರವಾಗಿ ಹರಿದು ಗಟ್ಟಿಯಾದ ಕಪ್ಪುಕಲ್ಲಿನ ನೆಲ. ನೀರು ನಿಲ್ಲುವುದು ಬಂಡೆಯ ಬಿರುಕಿನಲ್ಲಿ, ಸಡಿಲಗೊಂಡ ಪದರಗಳಲ್ಲಿ. ಒಂದು ಬೋರಿಗೆ ನೀರು ಬಿದ್ದು ಪಕ್ಕದ್ದು ಒಣಗಿರುವುದು ಇಲ್ಲಿ ಹೊಸತಲ್ಲ. ಹೀಗಿರುವಾಗ ಕಣ್ಣುಮುಚ್ಚಿ ಬೆರಳು ತೋರಿಸಿದವನಿಗೂ ಕೆಲವು ಸಲ ಯಶಸ್ಸು ಸಿಗಲೇಬೇಕು. 1987–88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಸಂಶೋಧಕರು ಇಂಥದೇ ವಿದ್ಯೆಯ ಸುಮಾರು 500 ಮಂದಿಯಲ್ಲಿ 43 ಮಂದಿಯನ್ನು ಆರಿಸಿ, ಕೆಳಗೆ ನೀರಿನ ಪೈಪು ಸರಿಸುತ್ತ, ಮೇಲಿನ ಅಂತಸ್ತಿನಿಂದ ಅದರ ಜಾಗ ಹೇಳಿಸಿದರು. ಒಟ್ಟು 843 ಪರೀಕ್ಷೆ. ಕೆಲವರಿಗೆ ಶಕ್ತಿಯಿದೆ ಎಂದು ನಡೆಸಿದವರು ಸಾರಿದರೂ, ಅದೇ ಅಂಕಿಗಳನ್ನು ಮತ್ತೆ ತೂಗಿ ನೋಡಿದ ವಿಜ್ಞಾನಿ ಜಿಮ್ ಎನ್‌ರೈಟ್‌ಗೆ ಆಕಸ್ಮಿಕಕ್ಕಿಂತ ಹೆಚ್ಚಿನದೇನೂ ಕಾಣಲಿಲ್ಲ.

ಸಾಕ್ಷಿಯಿಲ್ಲದೆ ನಂಬುವುದು ತಪ್ಪೇ ಎಂಬ ಪ್ರಶ್ನೆಗೆ 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ, ತತ್ವಚಿಂತಕ ಡಬ್ಲ್ಯು. ಕೆ. ಕ್ಲಿಫರ್ಡ್ ಒಬ್ಬ ಹಡಗಿನ ಮಾಲೀಕನ ಉದಾಹರಣೆ ಕೊಟ್ಟ. ಹಳೆಯ ಹಡಗನ್ನು ಪರೀಕ್ಷಿಸದೆ, ಸುರಕ್ಷಿತವೆಂದು ಮನಸ್ಸನ್ನು ಒಪ್ಪಿಸಿಕೊಂಡು ಕಳಿಸಿದವನು ತಪ್ಪಿತಸ್ಥ; ಹಡಗು ದಡ ಸೇರಿದ್ದರೂ ತಪ್ಪಿತಸ್ಥನೇ. ನೀರು ಬಿದ್ದ ಮಾತ್ರಕ್ಕೆ ನಂಬಿಕೆ ಸರಿಯಾಗಲಿಲ್ಲ ಎನ್ನುವ ಈ ಮಾತು ಕಠಿಣ, ಆದರೆ ನಿಜ. 1896ರಲ್ಲಿ ಅಮೆರಿಕದ ತತ್ವಚಿಂತಕ ವಿಲಿಯಂ ಜೇಮ್ಸ್ ಇದಕ್ಕೆ ಎದುರುತ್ತರ ಕೊಟ್ಟ: ಸಾಕ್ಷಿಯಿಂದ ತೀರ್ಮಾನಿಸಲಾಗದ, ಆದರೆ ತೀರ್ಮಾನ ತಪ್ಪಿಸಲೂ ಆಗದ ಹೊತ್ತಿನಲ್ಲಿ ಮನುಷ್ಯ ನಂಬಿಕೆಯನ್ನು ಆರಿಸಿಕೊಳ್ಳಬಹುದು. ಬಳ್ಳಿ ಬಾಡುತ್ತಿರುವ ರೈತನಿಗೆ ಈ ರಿಯಾಯಿತಿ ಸಲ್ಲುವಂತೆ ತೋರುತ್ತದೆ. ಆದರೆ ಇಲ್ಲಿ ಸಾಕ್ಷಿ ಸಿಗದ್ದಲ್ಲ, ನಾವು ಕೂಡಿಡದ್ದು.

ಕೂಡಿಡದಿದ್ದರ ಬೆಲೆ ತೆರುವವರು ಯಾರು? ಸಾಲ ಮನೆಯ ಮೇಲೆ ಬೀಳುತ್ತದೆ, ಹೆಂಡತಿಯ ಬಂಗಾರ ಅಡವಿಗೆ ಹೋಗುತ್ತದೆ. ಅದಕ್ಕಿಂತ ಕ್ರೂರವಾದದ್ದು, ಬೋರ್ ಫೇಲಾದಾಗ ಕಾಯಿಯ ಮೇಲೆ ಬಾರದ ಸಂಶಯ ಹೊಸದಾಗಿ ಬಂದ ಸೊಸೆಯ ಕಾಲ್ಗುಣದ ಮೇಲೆ ಬರುವುದು. ಗೆಲುವನ್ನೆಲ್ಲ ಒಬ್ಬರಿಗೆ ಬರೆದು ಸೋಲನ್ನೆಲ್ಲ ಮನೆಯಲ್ಲಿ ಬಾಯಿಲ್ಲದವಳ ತಲೆಗೆ ಕಟ್ಟುವ ಈ ಲೆಕ್ಕ ಅನ್ಯಾಯದ್ದು. ಸಾಕ್ಷಿ ಕೇಳುವುದು ಅವಳ ಪರವಾಗಿ ನಿಲ್ಲುವುದೂ ಹೌದು.

ಪ್ರಶ್ನಿಸಿದರೆ ದೈವಕ್ಕೆ ಅಪಚಾರ ಎನ್ನುವವರಿದ್ದಾರೆ. ಇದೇ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ದೇಹವನ್ನು ಸುಡಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟು 2023ರ ಜನವರಿ 2ರಂದು ತೀರಿಕೊಂಡರು. ಸ್ವಾಮಿಗಳನ್ನು ಹೂಳಿ ಗದ್ದುಗೆ ಕಟ್ಟುವ ರೂಢಿಯನ್ನು ಬಿಟ್ಟ ಮಾತ್ರಕ್ಕೆ ಅವರ ಮೇಲಿನ ಜನರ ಭಕ್ತಿ ಕಡಿಮೆಯಾಗಲಿಲ್ಲ.

ಗ್ರಾಮ ಪಂಚಾಯಿತಿಗಳು ಒಂದು ವಹಿ ತೆರೆಯಲಿ. ಪ್ರತಿ ಬೋರಿನ ಜಾಗ, ಆಳ, ನೀರು ಬಿದ್ದ ಅಡಿ, ಜಾಗ ತೋರಿಸಿದ್ದು ತೆಂಗಿನಕಾಯಿಯೋ ಭೂವಿಜ್ಞಾನಿಯ ಯಂತ್ರವೋ ಎಲ್ಲವನ್ನೂ ಬರೆಯಲಿ. ಯಂತ್ರಕ್ಕೂ ವಿನಾಯಿತಿ ಬೇಡ. ಒಣಗಿದ ಬೋರುಗಳನ್ನು ಮೊದಲು ಬರೆಯಿರಿ.