ತಡವಾಗಿ ನೋಡಿದವರ ತಕರಾರು

ಮನೆಯಲ್ಲಿ ಸಿನಿಮಾ ನೋಡಿದವರು ಅದರ ಬಗ್ಗೆ ಮಾತಾಡುವಾಗ ಮೊದಲೇ ಕ್ಷಮೆ ಕೇಳಿಕೊಳ್ಳುವ ರೂಢಿ ಈಚೆಗೆ ಬಂದಿದೆ. ಕಲಬುರಗಿಯ ಐವಾನ್-ಎ-ಶಾಹಿ ಕಡೆ ಬೆಳಗ್ಗೆ ವಾಕಿಂಗ್ ಹೊರಟವರ ಮಾತಿನಲ್ಲಿ ಇದು ನನ್ನ ಕಿವಿಗೆ ಮತ್ತೆ ಮತ್ತೆ ಬಿದ್ದಿದೆ. “ನಾ ಥೇಟರ್‌ನ್ಯಾಗ ನೋಡಿಲ್ರಿ, ಮನ್ಯಾಗ ಟಿವಿಯೊಳಗ ನೋಡೀನಿ…” ಎಂದು ಒಬ್ಬರು ಶುರು ಮಾಡುತ್ತಾರೆ. “ಥೇಟರ್‌ನ್ಯಾಗೇ ನೋಡ್ಬೇಕಿತ್ತು ಬಿಡ್ರಿ” ಎಂದು ಇನ್ನೊಬ್ಬರು ಅಲ್ಲಿಗೇ ಮುಗಿಸುತ್ತಾರೆ. ಸಿನಿಮಾದಲ್ಲಿ ಏನು ಸರಿಯಿತ್ತು, ಏನು ಸರಿಯಿರಲಿಲ್ಲ ಎಂಬ ಮಾತು ಶುರುವಾಗುವ ಮೊದಲೇ ನಿಂತುಹೋಗುತ್ತದೆ.

ಹೀಗೆ ಹೇಳುವವರು ನನ್ನ ಗೆಳೆಯರೇ, ಸಿನಿಮಾವನ್ನು ಮನಸಾರೆ ಪ್ರೀತಿಸುವವರೇ. ಆದರೂ ಈ ವಿಷಯದಲ್ಲಿ ಅವರನ್ನು ಒಪ್ಪಲು ನನ್ನಿಂದಾಗುವುದಿಲ್ಲ. ಮನೆಯಲ್ಲಿ ನೋಡಿದವರ ಅಭಿಪ್ರಾಯ ಚಿತ್ರಮಂದಿರದಲ್ಲಿ ನೋಡಿದವರ ಅಭಿಪ್ರಾಯಕ್ಕಿಂತ ಕಡಿಮೆಯದ್ದೇನೂ ಅಲ್ಲ, ಕೆಲವು ಸಂಗತಿಗಳಲ್ಲಿ ಅದೇ ಹೆಚ್ಚು ನಂಬಲರ್ಹವಾದದ್ದು ಎಂಬುದು ನನ್ನ ವಾದ.

ಎದುರು ಪಕ್ಷದಲ್ಲಿ ದೊಡ್ಡವರೇ ಇದ್ದಾರೆ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1996ರಲ್ಲಿ ಸಿನಿಮಾ ಕಲೆಯ ಅವನತಿಯ ಬಗ್ಗೆ ಒಂದು ಪ್ರಬಂಧ ಬರೆದರು. ಒಳ್ಳೆಯ ಚಿತ್ರವೊಂದನ್ನು ಬರೀ ಟಿವಿಯಲ್ಲಿ ನೋಡಿದವರು ಅದನ್ನು ನಿಜವಾಗಿ ನೋಡಿಯೇ ಇಲ್ಲ ಎಂಬುದು ಅಲ್ಲಿ ಅವರ ನಿಲುವು. ಕತ್ತಲಲ್ಲಿ, ಅಪರಿಚಿತರ ನಡುವೆ, ನಮಗಿಂತ ದೊಡ್ಡದಾದ ಬಿಂಬದ ಮುಂದೆ ಕೂತಾಗ ಮಾತ್ರ ಸಿನಿಮಾ ನಮ್ಮನ್ನು ಪೂರ್ತಿ ಎಳೆದುಕೊಳ್ಳುತ್ತದೆ ಎಂದು ಅವರು ನಂಬಿದ್ದರು. ಇದನ್ನು ತಳ್ಳಿಹಾಕುವಂತಿಲ್ಲ. 2022ರ ‘ಕಾಂತಾರ’ದ ಕೊನೆಯ ಭಾಗವನ್ನು ತುಂಬಿದ ಚಿತ್ರಮಂದಿರದಲ್ಲಿ ನೋಡಿದವರಿಗೆ ಆದ ಅನುಭವ ಕೋಣೆಯ ಟಿವಿಯೆದುರು ಆಗುವುದಿಲ್ಲ. ಆ ಧ್ವನಿ, ಇಡೀ ಸಭಾಂಗಣ ಒಮ್ಮೆಗೇ ಉಸಿರು ಹಿಡಿಯುವ ಆ ಗಳಿಗೆ ಮನೆಯಲ್ಲಿ ಸಿಗದು.

ಆದರೆ ಅನುಭವ ಬೇರೆ, ಅಭಿಪ್ರಾಯ ಬೇರೆ. ಮೈ ಜುಮ್ಮೆಂದದ್ದು ಅನುಭವ. ಕತೆ ಎಲ್ಲಿ ಎಡವಿತು, ಆ ಹೆಣ್ಣು ಪಾತ್ರಕ್ಕೆ ನ್ಯಾಯ ಸಿಕ್ಕಿತೇ, ಮುಗಿತಾಯ ಮೊದಲಿನಿಂದ ಬಂದ ದಾರಿಗೆ ಹೊಂದಿತೇ ಎಂದು ಯೋಚಿಸಿ ಹೇಳುವುದು ಅಭಿಪ್ರಾಯ. ಮೊದಲನೆಯದಕ್ಕೆ ದೊಡ್ಡ ಪರದೆ ಬೇಕು. ಎರಡನೆಯದಕ್ಕೆ ಬೇಕಾದದ್ದು ಸಮಾಧಾನ, ಮತ್ತೊಮ್ಮೆ ನೋಡುವ ಅವಕಾಶ, ಜತೆಗೆ ಎದುರು ಮಾತಾಡುವ ಒಬ್ಬರು. ಈ ಮೂರೂ ಮನೆಯಲ್ಲಿವೆ.

ಇನ್ನೂ ನೇರವಾದ ಪ್ರಶ್ನೆಯೊಂದಿದೆ. ಚಿತ್ರಮಂದಿರಕ್ಕೆ ಬಾರದೇ ಇದ್ದ ಸಿನಿಮಾಗಳ ಗತಿಯೇನು? ಕೋವಿಡ್ ಕಾಲದಲ್ಲಿ ಬೀಗ ಬಿದ್ದಾಗ, 2020ರ ಜುಲೈನಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ಅದೇ ವರ್ಷ ‘ಭೀಮಸೇನ ನಳಮಹಾರಾಜ’, ಮರುವರ್ಷ ಅಕ್ಟೋಬರಿನಲ್ಲಿ ರೋಹಿತ್ ಪದಕಿ ನಿರ್ದೇಶನದ ‘ರತ್ನನ್ ಪ್ರಪಂಚ’ ಅದೇ ದಾರಿ ಹಿಡಿದವು. ಧನಂಜಯ, ಉಮಾಶ್ರೀ, ಶ್ರುತಿ ನಟಿಸಿದ ‘ರತ್ನನ್ ಪ್ರಪಂಚ’ದ ಮೊದಲ ಪ್ರೇಕ್ಷಕರೆಲ್ಲರೂ ಮನೆಯಲ್ಲಿ ಕೂತವರೇ. ಪ್ರಮೋದ್ ಮಾಡಿದ ಉಡಾಳ್ ಬಾಬುರಾವ್ ಪಾತ್ರವನ್ನು ಮೆಚ್ಚಿ ಬೆಳೆಸಿದವರು ಅವರು. ಮನೆಯ ಅಭಿಪ್ರಾಯ ಲೆಕ್ಕಕ್ಕಿಲ್ಲ ಎನ್ನುವುದಾದರೆ ಇಂಥ ಚಿತ್ರಗಳ ಬಗ್ಗೆ ಯಾರಿಗೂ ಅಭಿಪ್ರಾಯವೇ ಇಲ್ಲ ಎಂದು ಹೇಳಬೇಕಾಗುತ್ತದೆ. ಅದು ಒಪ್ಪುವ ಮಾತಲ್ಲ.

ಸಣ್ಣ ಪರದೆಯೆಂದರೆ ಒಬ್ಬಂಟಿತನ ಎಂಬ ಎಣಿಕೆಯನ್ನೂ ನಮ್ಮ ಜಿಲ್ಲೆಯ ಚರಿತ್ರೆ ಒಪ್ಪುವುದಿಲ್ಲ. ಇದು ಬೆಂಗಳೂರಿನವರಿಗೆ ಅಚ್ಚರಿಯೆನಿಸಬಹುದು: ಕರ್ನಾಟಕದಲ್ಲಿ ಟಿವಿ ಮೊದಲು ಬೆಳಗಿದ್ದು ರಾಜಧಾನಿಯಲ್ಲಲ್ಲ, ಈ ಭಾಗದ ಹಳ್ಳಿಗಳಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರ ಪ್ರಸಾರ. ನಮ್ಮ ರಾಜ್ಯದಿಂದ ಆಯ್ಕೆಯಾದ ಜಿಲ್ಲೆಗಳು ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ಆ ಹಳ್ಳಿ ಟಿವಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ, ಇಡೀ ಊರಿಗೆ ಸೇರಿದ ಪೆಟ್ಟಿಗೆ ಅದು. ಊರವರೆಲ್ಲ ಕೂಡಿ ನೋಡುತ್ತಿದ್ದರು. ಮನೆಗಳಿಗೆ ಟಿವಿ ಬಂದ ಮೇಲೂ ಬಹುಕಾಲ ಒಂದು ಮನೆಯ ಟಿವಿ ಓಣಿಗೆಲ್ಲ ಟಿವಿಯಾಗಿತ್ತು. ಭಾನುವಾರದ ಸಿನಿಮಾಕ್ಕೆ ಪಡಸಾಲೆ ಸಾಲದೆ ಕಿಟಕಿಯ ಹೊರಗೆ ಹುಡುಗರು ನಿಂತಿರುತ್ತಿದ್ದರು. ಸಿನಿಮಾ ಮುಗಿದ ಮೇಲೂ ಕಟ್ಟೆಯ ಮೇಲೆ ಅದರದೇ ಮಾತು. ನೋಡುವುದಕ್ಕಿಂತ ಮಾತಾಡುವುದೇ ಹೆಚ್ಚಾಗಿದ್ದ ಕಾಲ ಅದು. ಈಗ ಪ್ರತಿ ಮನೆಯಲ್ಲೂ ಟಿವಿಯಿದೆ, ಪ್ರತಿ ಕೈಯಲ್ಲೂ ಫೋನಿದೆ. ಕಳೆದುಹೋದದ್ದು ಕಟ್ಟೆಯ ಮಾತು. ಅದನ್ನು ಮರಳಿ ತರಬೇಕೆಂದರೆ, ಮನೆಯಲ್ಲಿ ನೋಡಿದವರ ಬಾಯಿ ಮುಚ್ಚಿಸುವುದನ್ನು ನಾವು ಮೊದಲು ಬಿಡಬೇಕು.

ಮನೆಯಲ್ಲಿ ಯಾರು ಮಾತಾಡುತ್ತಾರೆ ಎಂಬುದನ್ನೂ ನೋಡಬೇಕು. ಮಂಡಿನೋವಿನಿಂದಾಗಿ ಚಿತ್ರಮಂದಿರದ ಮೆಟ್ಟಿಲು ಹತ್ತುವುದನ್ನು ಎಂದೋ ಬಿಟ್ಟ ಅಜ್ಜಿ. ಕೈಗೂಸನ್ನು ಬಿಟ್ಟು ಹೊರಡಲಾಗದ ಸೊಸೆ. ರಾತ್ರಿ ಆಟ ಮುಗಿದ ಮೇಲೆ ಊರಿಗೆ ಮರಳುವುದು ಹೇಗೆಂದು ಯೋಚಿಸಬೇಕಾದ ಕಮಲಾಪುರದ ಕಡೆಯವರು. ಹಣದ ಮಾತೂ ಇದೆ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವುದಾಗಿ ರಾಜ್ಯ ಸರ್ಕಾರ 2025ರ ಮಾರ್ಚ್ ಬಜೆಟ್‌ನಲ್ಲಿ ಘೋಷಿಸಿತು. ಸೆಪ್ಟೆಂಬರಿನಲ್ಲಿ ನಿಯಮವೂ ಬಂತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಆ 200ರ ಲೆಕ್ಕದಲ್ಲೇ ಹಿಡಿದರೂ ಐವರ ಕುಟುಂಬಕ್ಕೆ ಟಿಕೆಟ್ಟಿಗೇ 1,000 ರೂಪಾಯಿ, ಮೇಲೆ ತೆರಿಗೆ, ಹೋಗಿಬರುವ ಖರ್ಚು. ಇವರೆಲ್ಲರ ಮಾತನ್ನು ಬದಿಗಿಟ್ಟರೆ ಉಳಿಯುವುದು ಮೊದಲ ವಾರ ಹೋಗಬಲ್ಲವರ ಅಭಿಪ್ರಾಯ ಮಾತ್ರ. ಅವರಲ್ಲಿ ಹೆಚ್ಚಿನವರು ಹರೆಯದ ಗಂಡುಹುಡುಗರು. ಅವರ ಮಾತು ಬೇಕು. ಆದರೆ ಅದೊಂದೇ ಕನ್ನಡ ಪ್ರೇಕ್ಷಕರ ಮಾತು ಎನಿಸಿಕೊಳ್ಳಬಾರದು.

ಮಂಸೋರೆ ನಿರ್ದೇಶಿಸಿದ ‘ನಾತಿಚರಾಮಿ’ಯನ್ನೇ ತೆಗೆದುಕೊಳ್ಳಿ. 2018ರ ಈ ಚಿತ್ರ ಗಂಡನನ್ನು ಕಳೆದುಕೊಂಡ ಯುವತಿಯೊಬ್ಬಳ ದೇಹದ ಬಯಕೆಯ ಬಗ್ಗೆ ಸಂಕೋಚವಿಲ್ಲದೆ, ಘನತೆಯಿಂದ ಮಾತಾಡುತ್ತದೆ. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಮ್ಮಂಥ ಊರಿನಲ್ಲಿ ಇದನ್ನು ಅತ್ತೆಯ ಜತೆಗೋ ಅಣ್ಣನ ಜತೆಗೋ ಚಿತ್ರಮಂದಿರಕ್ಕೆ ಹೋಗಿ ನೋಡುವ ಹೆಣ್ಣುಮಕ್ಕಳು ಎಷ್ಟು ಜನ? ಮಧ್ಯಾಹ್ನ ಒಬ್ಬಳೇ ಇದ್ದಾಗ ನೋಡಿ, ಸಂಜೆ ಗೆಳತಿಗೆ ಫೋನಿನಲ್ಲಿ ಹೇಳುವ ಮಾತಿದೆಯಲ್ಲ, ಆ ಚಿತ್ರದ ಬಗ್ಗೆ ನಾನು ಕೇಳಬಯಸುವ ವಿಮರ್ಶೆ ಅದು.

ಇನ್ನು ನನಗೆ ತೀರಾ ಹತ್ತಿರವಾದ ಸಂಗತಿ: ಭಾಷೆ. ಕನ್ನಡ ಸಿನಿಮಾದಲ್ಲಿ ಉತ್ತರ ಕರ್ನಾಟಕವೆಂದರೆ ಬಹುಮಟ್ಟಿಗೆ ಹುಬ್ಬಳ್ಳಿ-ಧಾರವಾಡದ ಮಾತು. ಪಾತ್ರ ಬೀದರಿನದಾಗಲಿ ಸೇಡಮ್ಮಿನದಾಗಲಿ, ಬಾಯಲ್ಲಿ ಬರುವುದು “ಹೋಗಾಕತ್ತೀನಿ, ಮಾಡಾಕತ್ತೀನಿ.” ನಮ್ಮ ಕಡೆ “ಹೋಗ್ಲತ್ತೀನಿ, ಮಾಡ್ಲತ್ತೀನಿ” ಅನ್ನುತ್ತಾರೆ. ದಖನಿ ಉರ್ದು ಓಣಿಓಣಿಯಲ್ಲಿದೆ, ತೆಲುಗು ಮರಾಠಿ ಎರಡೂ ಗಡಿ ದಾಟಿ ಬಂದಿವೆ. ಇದನ್ನು ಚಿತ್ರಮಂದಿರದ ಕತ್ತಲಲ್ಲಿ ಯಾರು ಎದ್ದು ನಿಂತು ಹೇಳುತ್ತಾರೆ? ಮನೆಯಲ್ಲಾದರೆ ಅಜ್ಜಿ ಕೂತಲ್ಲಿಂದಲೇ, “ಇವ್ರು ಎಲ್ಲಿ ಮಂದಿಲೇ ತಮ್ಮಾ? ನಮ್ಮ ಕಡಿ ಹಿಂಗ ಯಾರ್ ಮಾತಾಡ್ತಾರ?” ಎಂದು ಕೇಳುತ್ತಾಳೆ. ಮೊಮ್ಮಗ ಸಿನಿಮಾ ನಿಲ್ಲಿಸುತ್ತಾನೆ, ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿಸುತ್ತಾನೆ. ಅಜ್ಜಿ ಹೇಳಿದ್ದು ಖರೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಕೂತು ಬರೆಯುವ ವಿಮರ್ಶಕರಿಗೆ, ಅವರೆಷ್ಟೇ ಓದಿಕೊಂಡವರಾಗಿರಲಿ, ಈ ತಪ್ಪು ಕೇಳಿಸುವುದಿಲ್ಲ.

ಸರಿಯಾಗಿ ಮಾಡಿದವರೂ ಇದ್ದಾರೆ. ಜೈಶಂಕರ್ ಆರ್ಯರ್ ನಿರ್ದೇಶಿಸಿದ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕತೆ. ಶಾಲೆಯಲ್ಲಿ ಬಿಸಿಯೂಟ ಮಾಡುವ ಬಡ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್ ಎಂಬ ಸರಪಳಿ ಮಾರಾಟದ ಆಸೆಗೆ ಬಿದ್ದು, ಹಾಸಿಗೆ ಹಿಡಿದ ಗಂಡನಿಗೂ ಸಾಲಕ್ಕೂ ಅದೇ ಪರಿಹಾರ ಎಂದು ನಂಬುತ್ತಾಳೆ. ಊರವರೇ ನಟಿಸಿದ್ದಾರೆ, ಊರ ಮಾತನ್ನೇ ಆಡಿದ್ದಾರೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದ ಈ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್‌ನಲ್ಲಿ. ಇಂಥ ಸಿನಿಮಾ ನಮ್ಮ ಊರುಗಳಲ್ಲಿ ವಾರಗಟ್ಟಲೆ ಓಡುವುದಿಲ್ಲ. ಅದರ ಆಯುಷ್ಯ ಬೆಳೆಯುವುದಿದ್ದರೆ ಮನೆಗಳಲ್ಲಿ, ನೋಡಿದವರು ನೋಡದವರಿಗೆ ಹೇಳಿದಾಗ.

ತಡವಾಗಿ ಬಂದ ಅಭಿಪ್ರಾಯಕ್ಕೆ ಇನ್ನೊಂದು ಗುಣವಿದೆ. ಬಿಡುಗಡೆಯ ವಾರದ ಗದ್ದಲ ಅಷ್ಟರಲ್ಲಿ ಅಡಗಿರುತ್ತದೆ. ಅಭಿಮಾನಿಗಳ ಕೂಗಿಲ್ಲ, ಗಳಿಕೆಯ ಲೆಕ್ಕದ ಜಗಳವಿಲ್ಲ, ನಾಯಕನ ಮರ್ಯಾದೆ ಕಾಯುವ ಹೊಣೆಯಿಲ್ಲ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಒಂದೇ ಘಟನೆಯನ್ನು ಬೇರೆ ಬೇರೆ ಕಣ್ಣಿನಿಂದ ಅಧ್ಯಾಯಗಳಾಗಿ ಹೇಳುವ ಆ ಚಿತ್ರ ಒಂದೇ ಸಲಕ್ಕೆ ದಕ್ಕುವಂಥದ್ದಾಗಿರಲಿಲ್ಲ. ಮನೆಯಲ್ಲಿ ಎರಡು, ಮೂರು ಸಲ ನೋಡಿದವರು, ಬಿಟ್ಟುಹೋದ ಕೊಂಡಿಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಟ್ಟವರು ಅದನ್ನು ಮೇಲಕ್ಕೆತ್ತಿದರು. ಈಗ ಆ ದಶಕದ ಮುಖ್ಯ ಕನ್ನಡ ಚಿತ್ರಗಳ ಮಾತು ಬಂದಾಗ ಅದನ್ನು ಬಿಡುವವರು ಕಡಿಮೆ. ಅಮೆರಿಕದಲ್ಲೂ ಇಂಥದ್ದು ನಡೆದಿದೆ. ಫ್ರಾಂಕ್ ಕಾಪ್ರಾ ಅವರ 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಬಿಡುಗಡೆಯಾದಾಗ ಹಾಕಿದ ಹಣವನ್ನೂ ಮರಳಿಸಲಿಲ್ಲ. 1974ರಲ್ಲಿ ಅದರ ಹಕ್ಕಿನ ನವೀಕರಣ ತಪ್ಪಿತು, ಟಿವಿ ಕೇಂದ್ರಗಳು ಪ್ರತಿ ಕ್ರಿಸ್‌ಮಸ್‌ಗೂ ಹಾಕತೊಡಗಿದವು, ಮನೆಮನೆಯ ಚಿತ್ರವಾಯಿತು. ಎರಡು ಕಡೆಯೂ ಚಿತ್ರಮಂದಿರದ ತೀರ್ಪನ್ನು ತಿದ್ದಿದ್ದು ಮನೆ.

ಹಾಗೆಂದು ಮನೆಯಲ್ಲಿ ನೋಡಿದವರು ಹೇಳಿದ್ದೆಲ್ಲ ಅಭಿಪ್ರಾಯವೇ ಎಂದು ನಾನು ಹೇಳುತ್ತಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ಹಾಡು ಹಾರಿಸಿ, ನಡುವೆ ಹತ್ತು ಸಲ ಫೋನು ಎತ್ತಿ, ಕೊನೆಯ ಕಾಲು ಗಂಟೆ ನಿದ್ದೆ ಮಾಡಿ “ಏನಿಲ್ರಿ ಅದರಾಗ” ಎಂದರೆ ಅದು ಸಿನಿಮಾಕ್ಕೂ, ಕೇಳಿದವರಿಗೂ ಮಾಡುವ ಅನ್ಯಾಯ. ನಿಧಾನವಾಗಿ ನಡೆಯುವ ಚಿತ್ರವನ್ನು ಓಡಿಸಿ ನೋಡಿ ನಿಧಾನ ಎಂದು ದೂರುವುದು ಸಲ್ಲದು. ನಾನು ಕೇಳುವುದು ಒಂದೇ ಒಂದು ಶಿಸ್ತು: ಎಷ್ಟು ನೋಡಿದೆವು, ಹೇಗೆ ನೋಡಿದೆವು ಎಂಬುದನ್ನು ಮೊದಲು ಹೇಳಿಬಿಡಬೇಕು. “ಅರ್ಧ ನೋಡೀನ್ರಿ, ಅಲ್ಲಿತನಕ ಛಲೋ ಅದ” ಎನ್ನುವುದು ಪ್ರಾಮಾಣಿಕ ಮಾತು. ಆಮೇಲೆ ಐದರಲ್ಲಿ ಮೂರು ಅಂಕ ಎಂದು ನಿಲ್ಲಿಸದೆ, ಒಂದು ದೃಶ್ಯವನ್ನು ಹಿಡಿದು ಮಾತಾಡಬೇಕು. ಅಂಕ ಕೇಳಿದವರಿಗೆ ಮರುಮಾತಾಡಲು ಏನೂ ಸಿಗುವುದಿಲ್ಲ. ದೃಶ್ಯ ಹೇಳಿದರೆ ಒಪ್ಪಬಹುದು, ಜಗಳವಾಡಬಹುದು.

ಗಂಭೀರ ಆಕ್ಷೇಪವೊಂದು ಉಳಿದಿದೆ. ಎಲ್ಲರೂ “ಓಟಿಟಿಗೆ ಬರ್ಲಿ, ಆಮ್ಯಾಲ ನೋಡೋಣ” ಎಂದರೆ ಕನ್ನಡ ಸಿನಿಮಾ ಉಳಿಯುವುದು ಹೇಗೆ? ಈ ಆತಂಕ ನಿಜವಾದದ್ದು. ಚಿತ್ರಮಂದಿರದಲ್ಲಿ ಓಡದ ಕನ್ನಡ ಚಿತ್ರಗಳನ್ನು ದೊಡ್ಡ ವೇದಿಕೆಗಳು ಕೊಳ್ಳುತ್ತಿಲ್ಲವೆಂದು ನಿರ್ಮಾಪಕರು ಹೇಳುತ್ತಲೇ ಬಂದಿದ್ದಾರೆ. ಕೊಳ್ಳುವವರು ಸಿಗದೆ ಪರಂವಃ ಸ್ಟುಡಿಯೋಸ್ ‘ಏಕಂ’ ಸರಣಿಯನ್ನು 2024ರ ಜುಲೈನಲ್ಲಿ ತನ್ನದೇ ತಾಣದಲ್ಲಿ ಹಾಕಬೇಕಾಯಿತು. ಹೋಗಬಲ್ಲವರು ಚಿತ್ರಮಂದಿರಕ್ಕೆ ಹೋಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ನೋಡಿದವರನ್ನು ಸುಮ್ಮನಿರಿಸಿದರೆ ಚಿತ್ರಮಂದಿರಕ್ಕೆ ಒಬ್ಬ ಪ್ರೇಕ್ಷಕನೂ ಹೆಚ್ಚುವುದಿಲ್ಲ. ಒಬ್ಬ ನಿರ್ದೇಶಕನ ಹಿಂದಿನ ಚಿತ್ರವನ್ನು ಮನೆಯಲ್ಲಿ ನೋಡಿ, ಮೆಚ್ಚಿ, ನಾಲ್ಕು ಜನರೆದುರು ಹೊಗಳಿದವರೇ ಅವನ ಮುಂದಿನ ಚಿತ್ರಕ್ಕೆ ಟಿಕೆಟ್ ಕೊಳ್ಳುತ್ತಾರೆ. ಮಾತು ನಿಂತ ಕಡೆ ಟಿಕೆಟ್ಟೂ ನಿಲ್ಲುತ್ತದೆ.

ಕನ್ನಡ ಚಿತ್ರಗಳಿಗಾಗಿ ಸರ್ಕಾರವೇ ಒಂದು ಓಟಿಟಿ ವೇದಿಕೆ ರೂಪಿಸಲಿದೆ ಎಂದು ಅದೇ 2025ರ ಬಜೆಟ್ ಹೇಳಿದೆ. ಅದರಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಕಡೆಯ ಕತೆಗಳಿಗೆ ಜಾಗವಿರಲಿ, ಅವುಗಳನ್ನು ನೋಡಿದ ಇಲ್ಲಿನವರ ಮಾತಿಗೂ ಜಾಗವಿರಲಿ. ಪತ್ರಿಕೆಗಳು ಶುಕ್ರವಾರದ ಬಿಡುಗಡೆಗಳ ಪಕ್ಕದಲ್ಲಿ, ಮನೆಗೆ ಬಂದ ಹಳೆಯ ಚಿತ್ರವೊಂದಕ್ಕೆ ಅರ್ಧ ಕಾಲಂ ಕೊಡಲಿ. ಓದುಗರಲ್ಲಿ ನನ್ನ ಕೇಳಿಕೆ ಇಷ್ಟು: ಈಚೆಗೆ ಮನೆಯಲ್ಲಿ ಯಾವ ಕನ್ನಡ ಸಿನಿಮಾ ನೋಡಿದಿರೋ ಅದರ ಒಂದು ದೃಶ್ಯದ ಬಗ್ಗೆ ಈ ವಾರ ಯಾರೊಂದಿಗಾದರೂ ಮಾತಾಡಿ. ಥೇಟರಿನಲ್ಲಿ ನೋಡಿಲ್ಲ ಎಂದು ಮೊದಲೇ ಕ್ಷಮೆ ಕೇಳಬೇಡಿ.