ರೊಕ್ಕಕ್ಕೆ ಅಂಜಿ ರೋಗ ಮುಚ್ಚಿಡಬೇಡಿ



ಮನೆಯ ಖರ್ಚಿಗೆ ಕತ್ತರಿ ಹಾಕುವ ಹೊತ್ತು ಬಂದರೆ ಅದು ಮೊದಲು ಬೀಳುವುದು ನಮ್ಮ ಸೀರೆಯ ಮೇಲೆ, ಆಮೇಲೆ ನಮ್ಮ ಔಷಧದ ಮೇಲೆ. ನೆಗಡಿ, ಕೆಮ್ಮಿಗೆ ಇದು ನಡೆದೀತು. ಆದರೆ ಎದೆಯಲ್ಲಿ ಗಂಟು ಕೈಗೆ ಹತ್ತಿದಾಗ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಾಗ, "ಇರಲಿ ಬಿಡವ್ವ, ಹತ್ತಿ ಮಾರಿದ ಮ್ಯಾಲೆ ನೋಡೋಣಂತ" ಎನ್ನುತ್ತೇವಲ್ಲ, ಅದು ನಡೆಯುವುದಿಲ್ಲ.

ನಮ್ಮ ಗುಂಜಹಳ್ಳಿ ಕಡೆ ಕ್ಯಾನ್ಸರ್ ಅಂದರೆ ಜನ ರೋಗಕ್ಕಿಂತ ಮೊದಲು ರೊಕ್ಕಕ್ಕೆ ಅಂಜುತ್ತಾರೆ. ಅಂಜಿಕೆ ಸುಳ್ಳೇನಲ್ಲ. ದವಾಖಾನೆಯ ಬಿಲ್ಲಿನ ಜೊತೆಗೆ ಪರ ಊರಿನ ಕೋಣೆ ಬಾಡಿಗೆ, ಊಟ, ಜೊತೆಗೆ ಹೋದವರ ಕೂಲಿ ಲುಕ್ಸಾನು. ಕರೆಂಟು ಕೊಡುವ ಚಿಕಿತ್ಸೆಯಾದರೆ ವಾರಕ್ಕೆ ಐದು ದಿನದಂತೆ ಎಷ್ಟೋ ವಾರ ಅಲ್ಲೇ ಇರಬೇಕು.

ನಮ್ಮ ಓಣಿಯ ಒಬ್ಬಾಕಿ ಮಗಳ ಲಗ್ನ ಮುಗಿಯಲಿ ಎಂದು ಎಂಟು ತಿಂಗಳು ಗಂಟು ಮುಚ್ಚಿಟ್ಟಳು. ಲಗ್ನ ಚೆನ್ನಾಗಿಯೇ ಆಯಿತು. ಆಮೇಲೆ ಆಪರೇಷನ್, ಕೀಮೋ, ಕರೆಂಟು ಮೂರೂ ಬೇಕಾದವು. ಉಳಿಸಬೇಕೆಂದಿದ್ದ ಎರಡು ಎಕರೆ ಹೊಲವೂ ಹೋಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎನ್ನುವುದು ಇದಕ್ಕೇ.

ಸಹಾಯ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಯೇ ತೋರಿಸಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲಿ. ಬಡವರಿಗೆ ಕ್ಯಾನ್ಸರ್, ಹೃದ್ರೋಗದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಪುಕ್ಕಟೆ. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿ 2014ರಲ್ಲಿ ವರದಿ ಪ್ರಕಟಿಸಿದರು. ಯೋಜನೆ ಬಂದ ಕಡೆ ಇಂಥ ಕಾಯಿಲೆಗಳಿಗೆ ಆಸ್ಪತ್ರೆ ಸೇರಿದ ಬಡವರ ಕೈಯಿಂದ ಹೋದ ದುಡ್ಡು ಶೇಕಡಾ 60ರಷ್ಟು ಕಡಿಮೆ. ಸಾವೂ ಕಡಿಮೆ!

ಆ ಯೋಜನೆ 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸೇರಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್.ನವರಿಗೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ಅದಕ್ಕೇ ಈ ಮಾತುಗಳನ್ನು ನೆನಪಿಡಿ:

1. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ವೈದ್ಯರ ಶಿಫಾರಸು ಚೀಟಿ ಬೇಕು. ದುಡ್ಡು ಕಟ್ಟುವ ಮುಂಚೆಯೇ ಅಲ್ಲಿನ 'ಆರೋಗ್ಯ ಮಿತ್ರ'ರಿಗೆ ಕಾರ್ಡು ತೋರಿಸಿ.

2. ಎಲ್ಲಕ್ಕೂ ಬೆಂಗಳೂರಿಗೇ ಓಡಬೇಕೆಂದಿಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. 2025ರಲ್ಲಿ ರಾಜ್ಯದ 16 ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಕೀಮೋ ಕೊಟ್ಟು ಅದೇ ದಿನ ಮನೆಗೆ ಕಳಿಸುವ ವ್ಯವಸ್ಥೆಯಾಗಿದೆ. ನಮಗೆ ಹತ್ತಿರದ್ದು ಯಾವುದೆಂದು ವೈದ್ಯರನ್ನು ಕೇಳಿ.

3. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಟಿಕೀಟು ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಪಾಲು ಮಾಫಿ. ಆಸ್ಪತ್ರೆಯಿಂದ ಅದರ ಫಾರ್ಮು ಬರೆಸಿಕೊಳ್ಳಿ.

4. ಪರೀಕ್ಷೆಯ ವರದಿಗಳನ್ನೆಲ್ಲ ಒಂದೇ ಚೀಲದಲ್ಲಿಡಿ. ಒಂದು ಕಾಗದ ಕಳೆದರೆ ಅದೇ ಪರೀಕ್ಷೆಗೆ ಮತ್ತೆ ದುಡ್ಡು.

5. ಗಾಬರಿಯಲ್ಲಿ ಮೊದಲ ದಿನವೇ ಬಂಗಾರ ಅಡವಿಡಬೇಡಿ. "ಎಷ್ಟು ದಿನದ ಚಿಕಿತ್ಸೆ, ಕಾರ್ಡಿನಲ್ಲಿ ಏನೇನು ಬರ್ತದ, ಏನು ಬರಂಗಿಲ್ಲ?" ಎಂದು ಕೇಳಿ ಬರೆದುಕೊಳ್ಳಿ. ಓಡಾಟಕ್ಕೆ, ಊಟಕ್ಕೆ ಬೇಕಾಗುವುದನ್ನಷ್ಟೇ ಮೊದಲು ಹೊಂದಿಸಿ. ಸಂಘದ ಸಾಲ ಸಿಗುವಾಗ ಬಡ್ಡಿ ಸಾಹುಕಾರನ ಬಾಗಿಲಿಗೆ ಯಾಕೆ?

ಕಾರ್ಡಿನಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಕೂಲಿ ತಪ್ಪಿದ ದಿನಗಳನ್ನು ಯಾವ ಕಾರ್ಡೂ ತುಂಬಿಕೊಡದು. ಆದರೂ ಬೇಗ ಹೋದವಳ ಮನೆಗೆ ಬೀಳುವ ಭಾರ ಕಡಿಮೆ, ಉಳಿಯುವ ಆಸೆ ಹೆಚ್ಚು. ನಿಮ್ಮ ಜೀವವನ್ನು ಮನೆಯ ದಂಡದ ಖರ್ಚಿನಲ್ಲಿ ಬರೆದುಕೊಳ್ಳಬೇಡಿರಿ, ತಾಯಂದಿರೆ. ಗಂಟೋ ರಕ್ತವೋ ಕಂಡರೆ ಇವತ್ತೇ ಮನೆಯವರಿಗೆ ಹೇಳಿ. ಅವರು ಸುಮ್ಮನಿದ್ದರೆ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ನೀವೇ ಹೊರಡಿ.