ಮೇಲೆ ಮೆಟ್ರೋ, ಕೆಳಗೆ ನಾವು

ಬೆಂಗಳೂರಿನ ಮೆಟ್ರೋ ರೈಲಿಗೆ 'ನಮ್ಮ ಮೆಟ್ರೋ' ಅಂತ ಹೆಸರಿಟ್ಟಿದ್ದಾರೆ. ಹೆಸರಲ್ಲೇ ನಮ್ಮದು ಅಂದ ಮೇಲೆ ಈ 'ನಾವು' ಅಂದರೆ ಯಾರು ಅಂತ ಒಂದು ಸಲ ಕೇಳಿಬಿಡಬೇಕು. ಎಂ.ಜಿ. ರಸ್ತೆಯಲ್ಲಿ ನಿಂತು ಕೇಳಿದರೆ ಉತ್ತರ ಸಿಗುವುದಿಲ್ಲ. ನೇರಳೆ ಮಾರ್ಗದ ಪೂರ್ವದ ತುದಿಗೆ, ವೈಟ್‌ಫೀಲ್ಡ್ (ಕಾಡುಗೋಡಿ) ನಿಲ್ದಾಣಕ್ಕೆ ಬರಬೇಕು. ಪ್ರಯಾಣಿಕರ ಪಾಲಿಗೆ ಹಳಿ ಅಲ್ಲಿಗೆ ಮುಗಿಯುತ್ತದೆ. ರೈಲಿಗೆ ಹಿಂದು ಮುಂದು ಎಂಬುದಿಲ್ಲ. ಡ್ರೈವರು ಈ ತುದಿಯಿಂದ ಇಳಿದು ಆ ತುದಿಗೆ ನಡೆದರೆ ಹಿಂದಿದ್ದದ್ದೇ ಮುಂದಾಗಿ ಮತ್ತೆ ಪಟ್ಟಣದ ಕಡೆ ಹೊರಡುತ್ತದೆ. ಮೆಟ್ರೋದ ಮುಖ ಯಾವಾಗಲೂ ಪಟ್ಟಣದ ಕಡೆಗೇ.

ಈ ನಿಲ್ದಾಣವನ್ನು 2023ರ ಮಾರ್ಚ್ 25ರಂದು ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು. ಕೃಷ್ಣರಾಜಪುರದಿಂದ ಬೈಯಪ್ಪನಹಳ್ಳಿಗೆ ಎರಡು ಕಿಲೋಮೀಟರಿನ ಹಳಿಯೇ ಇನ್ನೂ ಕೂಡಿರಲಿಲ್ಲ. ಜನ ನಡುವೆ ಇಳಿದು ಬಸ್ಸು ಹತ್ತಿ ಮತ್ತೆ ರೈಲು ಹತ್ತಿದರು. ಆರು ತಿಂಗಳು ದಾಟಿ ಅಕ್ಟೋಬರ್ 9ಕ್ಕೆ ಆ ತುಂಡು ಸೇರಿತು. ಆಗ ಚಲ್ಲಘಟ್ಟದಿಂದ ಇಲ್ಲಿವರೆಗೆ 43.49 ಕಿ.ಮೀ., 37 ನಿಲ್ದಾಣ. ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟೆತ್ತರದ ಕಂಬದ ಮೇಲೆ ನಿಂತವರಿಗೆ ಕೆಳಗೆ ನೆಲದಲ್ಲಿರುವುದು ಕಾಣಬೇಕಲ್ಲ?

ನೆಲದಲ್ಲಿರುವುದು ಹಳೆಯ ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಬಂಗಾರಪೇಟೆ, ಮಾಲೂರಿನಿಂದ ನಸುಕಿನಲ್ಲೇ ತುಂಬಿಕೊಂಡು ಬರುವ ಗಾಡಿಗಳು ಇಲ್ಲಿ ಜನರನ್ನು ಇಳಿಸುತ್ತವೆ. ಯಾರು ಆ ಜನ? ಕೋಲಾರದ ಚಿನ್ನದ ಗಣಿಯಲ್ಲಿ ನೆಲದೊಳಕ್ಕೆ ಮೂರು ಕಿಲೋಮೀಟರಿಗೂ ಆಳ ಇಳಿದು ಬಂಡೆ ಒಡೆದವರ ಮಕ್ಕಳು, ಮೊಮ್ಮಕ್ಕಳು. 1880ರಿಂದ ಜಾನ್ ಟೇಲರ್ ಕಂಪನಿ ಅಗೆಸಿತು, ಆಮೇಲೆ ನಮ್ಮದೇ ಸರ್ಕಾರ ಅಗೆಸಿತು. ಅಗೆದವರಲ್ಲಿ ಬಹುಪಾಲು ದಲಿತರು, ತಮಿಳು ಸೀಮೆಯಿಂದ ಬಂದವರು. ಚಿನ್ನ ಯಾರ ಕೊರಳಿಗೆ ಹೋಯಿತೋ, ಸಿಲಿಕಾ ದೂಳು ಇವರ ಶ್ವಾಸಕೋಶಕ್ಕೆ ಹೋಯಿತು. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಅಂದಿನಿಂದ ಆ ಊರು ರೈಲಿನಲ್ಲೇ ಅರ್ಧ ಬದುಕು ಕಳೆಯುತ್ತಿದೆ. ಹೌಸ್‌ಕೀಪಿಂಗು, ಸೆಕ್ಯುರಿಟಿ, ಗಾರ್ಮೆಂಟ್ಸು, ಗಾರೆ ಕೆಲಸ. ಓದಿದವರಿಗೆ ಅಲ್ಲೊಂದು ಇಲ್ಲೊಂದು ಕಂಪನಿ ಕೆಲಸ. ಅಪ್ಪ ಪಾತಾಳಕ್ಕೆ ಇಳಿದ, ಮಗ ಗಾಜಿನ ಕಟ್ಟಡದ ಎಂಟನೇ ಮಹಡಿ ಹತ್ತಿ ಕಕ್ಕಸು ತೊಳೆಯುತ್ತಾನೆ. ಪ್ರಗತಿ ಅಂದರೆ ಇದೇ ಇರಬೇಕು!

ಈ ಕಡೆಯ ನಿಲ್ದಾಣಗಳ ಹೆಸರು ಕೇಳಿ: ಸಿಂಗಯ್ಯನಪಾಳ್ಯ, ಹೂಡಿ, ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರ. ಹಳದಿ ಮಾರ್ಗದಲ್ಲಿ ಇನ್ನೊಂದು, ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ. ರಾಜರು ದಾನ ಬಿಟ್ಟ ಅಗ್ರಹಾರಕ್ಕೂ ಸ್ಟೇಷನ್ ಬಂತು, ದುಡ್ಡು ಕೊಟ್ಟ ಕಂಪನಿಗೂ ಹೆಸರು ಬಂತು. ಆ ಹಳ್ಳಿಗಳ ಪಕ್ಕದಲ್ಲೇ ಕೇರಿಗಳಿದ್ದವು. ಅವುಗಳ ಹೆಸರು ಯಾವ ಬೋರ್ಡಿನಲ್ಲಿದೆ? ವಿಧಾನಸೌಧದ ನಿಲ್ದಾಣಕ್ಕೆ ಬಾಬಾಸಾಹೇಬರ ಹೆಸರಿಟ್ಟಿದ್ದಾರಲ್ಲ ಅನ್ನಬಹುದು. ಇಟ್ಟಿದ್ದಾರೆ. ಆ ಹೆಸರನ್ನು ಕೂಗಿಕೊಂಡು ಓಡುವ ರೈಲಿನ ಬಾಗಿಲಲ್ಲಿ ಏನಾಯಿತು ಅನ್ನುವುದೂ ನೆನಪಿರಲಿ.

2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆ ಮೇಲೆ ಗಂಟು ಹೊತ್ತ ಒಬ್ಬ ರೈತನನ್ನು, ಕೈಯಲ್ಲಿ ಟಿಕೆಟ್ ಇದ್ದರೂ, ಬಟ್ಟೆ ಕೊಳಕಾಗಿದೆ ಅಂತ ತಡೆದರು. ಜೊತೆಯ ಪ್ರಯಾಣಿಕರು ಜಗಳ ತೆಗೆದ ಮೇಲೆ ಒಳಗೆ ಬಿಟ್ಟರು. ವಿಡಿಯೋ ಊರೆಲ್ಲ ಹರಿದಾಡಿತು. ನಿಗಮ ಏನು ಮಾಡಿತು? ಸೆಕ್ಯುರಿಟಿ ಸೂಪರ್‌ವೈಸರನ್ನು ಕೆಲಸದಿಂದ ತೆಗೆಯಿತು. ಅವನು ಮಾಡಿದ್ದು ತಪ್ಪೇ. ಆದರೆ ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವುದನ್ನು ಅವನೇನು ತಾಯಿ ಹೊಟ್ಟೆಯಲ್ಲಿ ಕಲಿತು ಬಂದನಾ? ದೇವಸ್ಥಾನದ ಬಾಗಿಲಲ್ಲಿ ಮಡಿ ಕೇಳಿದ ಬುದ್ಧಿಯೇ ಇಲ್ಲಿ ಸ್ಕ್ಯಾನಿಂಗ್ ಮಿಷನ್ ಪಕ್ಕ ಯೂನಿಫಾರಂ ಹಾಕಿ ನಿಂತಿದೆ. ಒಬ್ಬನನ್ನು ಮನೆಗೆ ಕಳಿಸಿದರೆ ಆ ಬುದ್ಧಿ ಮನೆಗೆ ಹೋಗುವುದಿಲ್ಲ.

ಬಟ್ಟೆ ದಾಟಿದರೆ ದುಡ್ಡಿನ ಬಾಗಿಲು. 2025ರ ಫೆಬ್ರವರಿ 9ರಂದು ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದರು. ತುದಿಯಿಂದ ತುದಿಗೆ ಹೋಗಿ ಬಂದರೆ 180. ತಿಂಗಳಿಗೆ 26 ದಿನ ದುಡಿದರೆ 4,680. ಮೇಷ್ಟ್ರುಗಳೇ, ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ನಿಮ್ಮೂರಿಂದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಸಂಬಳದ ಚೀಟಿ ಪಕ್ಕಕ್ಕಿಟ್ಟು ನೋಡಿ. ದೂರಕ್ಕೆ ತಕ್ಕ ದರ ಅಂತಾರೆ. ನ್ಯಾಯವಾಗಿಯೇ ಕೇಳಿಸುತ್ತದೆ. ಆದರೆ ನಾವು ದೂರ ಹೋದದ್ದು ಗಾಳಿ ಚೆನ್ನಾಗಿದೆ ಅಂತಲ್ಲ. ಪಟ್ಟಣದೊಳಗೆ ಬಾಡಿಗೆ ಕಟ್ಟಲಾರದೆ. ಹೊರಗೆ ತಳ್ಳಿದವರೇ ಹೊರಗಿದ್ದೀರಿ, ಜಾಸ್ತಿ ಕೊಡಿ ಅಂದರೆ ಹೇಗೆ? 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಬಿಟ್ಟಿಯಾಯಿತು. ಒಳ್ಳೆಯದೇ. ಆದರೆ ಉಳ್ಳವರಿಗೆ ಮೇಲೆ ವೇಗ, ಇಲ್ಲದವರಿಗೆ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತ ಬಸ್ಸು ಅನ್ನುವ ಹಂಚಿಕೆ ಯಾವ ಸಮಾನತೆ? ಕೂಲಿಯವಳ ಎರಡು ಗಂಟೆಗೆ ಬೆಲೆ ಇಲ್ಲವಾ?

ಹಾಗಾದರೆ ಮೆಟ್ರೋನೇ ಬೇಡವೇನ್ರೀ ಅಂತ ಕೇಳುವವರಿದ್ದಾರೆ. ಬೇಕು. ಬೇರೆಲ್ಲರಿಗಿಂತ ನಮಗೇ ಹೆಚ್ಚು ಬೇಕು. ಆ ಬೋಗಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಾಗ ಪಕ್ಕದವನು ಯಾವ ಜಾತಿ ಅಂತ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಟೀ ಕುಡಿದು ಬಂದವರಿಗೆ ಅದು ಸಣ್ಣ ಮಾತಲ್ಲ. ಅದಕ್ಕೇ ಆ ಬಾಗಿಲಿಗೆ ಬೆಲೆಯ ಚಿಲಕ ಹಾಕಬೇಡಿ ಅಂತ ಜಗಳ. 1901ರಲ್ಲಿ ಹುಡುಗ ಭೀಮರಾವ್ ಅಣ್ಣನ ಜೊತೆ ಮಸೂರು ಸ್ಟೇಷನ್ನಿನಲ್ಲಿ ಇಳಿದ. ರೈಲು ಟಿಕೆಟ್ ಕೊಟ್ಟಿತ್ತು, ಜಾತಿ ಕೇಳಿರಲಿಲ್ಲ. ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೇ ಬಂಡಿಯವರು ಹತ್ತಿಸಿಕೊಳ್ಳಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಬಂಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಹಳಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಊರು ಶುರುವಾಗುತ್ತದೆ.

ಕಾಡುಗೋಡಿಯ ಊರನ್ನೂ ನೋಡಿ. ಮೆಟ್ರೋ ಬರುವ ಸುದ್ದಿಗೇ ಇಲ್ಲಿ ಚದರಡಿಯ ಮಾತು ಶುರುವಾಗಿತ್ತು. 2025ರ ಜೂನ್‌ನಲ್ಲಿ ಕಾಡುಗೋಡಿ ಪ್ಲಾಂಟೇಶನ್ನಿನ 120 ಎಕರೆಯನ್ನು ಅರಣ್ಯ ಇಲಾಖೆ ತನ್ನದೆಂದು ವಶಕ್ಕೆ ತೆಗೆದುಕೊಂಡಿತು. ಸಾವಿರಾರು ಕೋಟಿ ಬೆಲೆಯ ಭೂಮಿ ಉಳಿಸಿದೆವು ಅಂತ ಹೇಳಿಕೊಂಡಿತು. ದಿನ್ನೂರಿನ ದಲಿತ ಕುಟುಂಬಗಳು ಇದು ನಮಗೆ ಕೊಟ್ಟ ನೆಲ, ಉತ್ತು ಬಿತ್ತಿದ ನೆಲ ಅಂತ ಬೀದಿಗಿಳಿದವು. ಕಾಡು ಉಳಿಯಲಿ ಸ್ವಾಮಿ, ನಾವೇನು ಕಾಡಿನ ವೈರಿಗಳಲ್ಲ. ಆದರೆ ಕಾನೂನಿಗೆ ಎಚ್ಚರ ಬರುವುದು ರಾಗಿ ಬೆಳೆದವರ ಹೊಲದಲ್ಲಿ ಮಾತ್ರ ಯಾಕೆ?

ನಾವು ಕೇಳುವುದು ಕಷ್ಟದ್ದೇನಲ್ಲ. ರೈಲ್ವೆಯ ಸೀಸನ್ ಟಿಕೆಟ್ಟಿನ ಹಾಗೆ ದುಡಿಯುವವರ ಕೈಗೆಟಕುವ ತಿಂಗಳ ಪಾಸು ಮೆಟ್ರೋದಲ್ಲೂ ಬರಲಿ. ಕೆ.ಜಿ.ಎಫ್. ಗಾಡಿಯಲ್ಲಿ ಇಳಿದವರು ಅದೇ ಪಾಸಿನಲ್ಲಿ ಮೇಲಕ್ಕೆ ಹತ್ತುವಂತಾಗಲಿ. ಬಟ್ಟೆ, ಗಂಟು, ಬೆವರು ನೋಡಿ ಯಾರನ್ನೂ ತಡೆಯಕೂಡದು ಅಂತ ಎಲ್ಲ ನಿಲ್ದಾಣದ ಬಾಗಿಲಲ್ಲೂ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಲಿ. ನಿಲ್ದಾಣದ ನೆಲ ಒರೆಸುವ ಗುತ್ತಿಗೆ ಹೆಂಗಸರ ಕೆಲಸ ಕಾಯಂ ಆಗಲಿ. ದಿನ್ನೂರಿನವರ ಕಾಗದಪತ್ರಗಳನ್ನು ಜೆಸಿಬಿ ಬರುವ ಮುಂಚೆ ನೋಡಬೇಕಿತ್ತು. ಈಗಲಾದರೂ ಅವರ ಎದುರಿಗೇ ಕೂತು ನೋಡಲಿ.